ಪ್ರೇಮಕಾದಂಬರಿಯ ದುಡ್ಡು

1939ರ ಮೊದಲ ತಿಂಗಳುಗಳು, ಚಳಿ ಇನ್ನೂ ಬಿಟ್ಟಿಲ್ಲ. ಶುಕ್ರವಾರ ಸಂಜೆ ನೀವು ಲಂಡನ್ನಿನ ದಕ್ಷಿಣ ಅಂಚಿನ ಕ್ರಾಯ್ಡನ್ ವಿಮಾನ ನಿಲ್ದಾಣದಲ್ಲಿ ಸಾಲಿನಲ್ಲಿ ನಿಂತಿದ್ದೀರಿ. ವಿಮಾನ ಹತ್ತುವುದು ಇನ್ನೂ ಸಿರಿವಂತರ, ದೊಡ್ಡ ವ್ಯಾಪಾರಿಗಳ ಬಾಬತ್ತು. ಹಾಗಾಗಿ ನಿಮ್ಮ ಮುಂದಿರುವ ಇಬ್ಬರು ಹೆಂಗಸರು ಕಣ್ಣಿಗೆ ಬೀಳುತ್ತಾರೆ. ಮೂವತ್ತು ದಾಟಿದವರು, ಸಣಕಲು ಮೈಕಟ್ಟು, ನೋಡಿದ ಕೂಡಲೇ ಅಕ್ಕತಂಗಿಯರೆಂದು ಗೊತ್ತಾಗುವಂಥ ಮುಖ. ಮೈಮೇಲಿನ ಬಟ್ಟೆ ಮನೆಯಲ್ಲೇ ಹೊಲಿದದ್ದಿರಬೇಕು. ಕೈಗೆ ಗಡಿಯಾರವಿಲ್ಲ, ಕೊರಳಲ್ಲಿ ಸರವಿಲ್ಲ, ಬೆರಳಲ್ಲಿ ಉಂಗುರವಿಲ್ಲ. ಈ ಬೋಳು ಕೊರಳು, ಬೋಳು ಕೈಗಳನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ. ಭಾನುವಾರ ಇವರನ್ನು ಇನ್ನೊಂದು ಗಡಿಯಲ್ಲಿ ನೋಡುವಾಗ ಬೇಕಾಗುತ್ತದೆ.

ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: ಮ್ಯೂನಿಕ್‌ಗೆ, ಒಪೆರಾ ನೋಡಲು. ಸುಳ್ಳಲ್ಲ. ಒಪೆರಾ ಎಂದರೆ ಇಬ್ಬರಿಗೂ ಹುಚ್ಚು. ದೊಡ್ಡವಳು ಲೂಯಿಸ್ ಕುಕ್, ಸರ್ಕಾರದ ಶಿಕ್ಷಣ ಮಂಡಳಿಯಲ್ಲಿ ಗುಮಾಸ್ತೆ. ಚಿಕ್ಕವಳು ಐಡಾ ಕುಕ್. ಈ ಹೆಸರು ನಿಮಗೆ ಗೊತ್ತಿರಲಾರದು. ಆದರೆ ವಿಮಾನಕ್ಕೆ ಕಾಯುತ್ತಿರುವ ಯಾರದೋ ಹೆಂಡತಿಯ ಕೈಚೀಲದಲ್ಲಿ, ಬಾಡಿಗೆ ಲೈಬ್ರರಿಯಿಂದ ತಂದ ಕಂದು ರಟ್ಟಿನ ಪುಸ್ತಕವೊಂದಿದ್ದರೆ, ಅದರ ಮೇಲೆ ಮೇರಿ ಬರ್ಚೆಲ್ ಎಂಬ ಹೆಸರಿರುವುದು ಅಸಂಭವವೇನಲ್ಲ. ಆ ಮೇರಿ ಬರ್ಚೆಲ್ ನಿಮ್ಮ ಮುಂದೆ ಬೋಳು ಕೈಯಲ್ಲಿ ಸೂಟ್‌ಕೇಸ್ ಹಿಡಿದು ನಿಂತಿದ್ದಾಳೆ. ಮಿಲ್ಸ್ ಅಂಡ್ ಬೂನ್ ಪ್ರಕಾಶನದ ಲೇಖಕಿ. ಮೊದಲ ಕಾದಂಬರಿ ‘ವೈಫ್ ಟು ಕ್ರಿಸ್ಟೋಫರ್’ ಬಂದದ್ದು 1936ರಲ್ಲಿ. ಅಲ್ಲಿಂದೀಚೆಗೆ ಕೈ ನಿಂತಿಲ್ಲ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. 1937ರಿಂದ 1939ರವರೆಗೆ ಅಕ್ಕತಂಗಿಯರು ಇಂಥ ಪ್ರಯಾಣಗಳನ್ನು ಮತ್ತೆ ಮತ್ತೆ ಮಾಡಿದರು. ನಾನು ನಿಮ್ಮನ್ನು ಕರೆದುಕೊಂಡು ಹೋಗುತ್ತಿರುವುದು ಅವನ್ನೆಲ್ಲ ಸೇರಿಸಿ ಮಾಡಿದ ಒಂದು ವಾರಾಂತ್ಯಕ್ಕೆ. ವಿವರಗಳು ಬಹುಪಾಲು ಐಡಾಳೇ 1950ರಲ್ಲಿ ಬರೆದ ಆತ್ಮಕಥೆ ‘ವಿ ಫಾಲೋಡ್ ಅವರ್ ಸ್ಟಾರ್ಸ್’ನಿಂದ ಬಂದವು.

ವಿಮಾನ ಏಳುತ್ತದೆ. ಕೊಲೋನ್‌ವರೆಗೆ ಇಂಜಿನ್ ಸದ್ದಿನಲ್ಲಿ ಮಾತು ಕೇಳಿಸುವುದು ಕಷ್ಟ. ಅಷ್ಟರೊಳಗೆ ಇವರು ಇಲ್ಲಿಗೆ ಹೇಗೆ ಬಂದರೆಂದು ತಿಳಿದುಕೊಳ್ಳಿ.

ಅಪ್ಪ ಸುಂಕದ ಇಲಾಖೆಯ ಅಧಿಕಾರಿ. ಇದನ್ನು ಓದಿದಾಗ ನನಗೆ ನಗು ತಡೆಯಲಾಗಲಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ. ಲೂಯಿಸ್ ಹುಟ್ಟಿದ್ದು 1901ರಲ್ಲಿ, ಐಡಾ 1904ರಲ್ಲಿ, ಇಂಗ್ಲೆಂಡಿನ ಈಶಾನ್ಯ ಮೂಲೆಯ ಬಂದರು ಪಟ್ಟಣ ಸಂಡರ್‌ಲೆಂಡ್‌ನಲ್ಲಿ. ಅಪ್ಪನಿಗೆ ವರ್ಗವಾದಂತೆ ಸಂಸಾರವೂ ಊರೂರು ತಿರುಗಿ, ಕೊನೆಗೆ ದಕ್ಷಿಣ ಲಂಡನ್ನಿನ ವಾಂಡ್ಸ್‌ವರ್ತ್‌ಗೆ ಬಂದು ನಿಂತಿತು. ಇಬ್ಬರೂ ಸರ್ಕಾರಿ ಕಚೇರಿ ಸೇರಿದರು. ಐಡಾ ಟೈಪಿಸ್ಟ್, ವಾರಕ್ಕೆ ಎರಡು ಪೌಂಡು ಚಿಲ್ಲರೆ ಸಂಬಳ.

1923ರಲ್ಲಿ ಒಂದು ದಿನ ಲೂಯಿಸ್ ತನ್ನ ಕಚೇರಿಯಲ್ಲೇ ವಾಲ್‌ಫರ್ಡ್ ಡೇವಿಸ್ ಎಂಬ ಸಂಗೀತಗಾರರ ಉಪನ್ಯಾಸಕ್ಕೆ ಹೋಗಿ ಕೂತಳು. ಮನೆಗೆ ಬಂದವಳೇ ಗ್ರಾಮಫೋನು ಬೇಕೇ ಬೇಕು ಅಂದಳು. ತಂದಳು ಕೂಡ. ಜತೆಗೆ ಹತ್ತು ತಟ್ಟೆಗಳು. ಅದರಲ್ಲೊಂದರಿಂದ ಇಟಲಿಯ ಗಾಯಕಿ ಅಮೆಲಿಟಾ ಗಲ್ಲಿ-ಕುರ್ಚಿಯ ದನಿ ಹೊರಟಿತು. ಅಲ್ಲಿಗೆ ಮುಗಿಯಿತು. ಆಕೆಯನ್ನು ರಂಗದ ಮೇಲೆ ನೋಡಬೇಕೆಂದರೆ ನ್ಯೂಯಾರ್ಕಿಗೇ ಹೋಗಬೇಕು ಎಂದು ಗೊತ್ತಾದಾಗ ಹುಡುಗಿಯರು ಮಧ್ಯಾಹ್ನದ ಊಟವನ್ನು ಬ್ರೆಡ್ಡಿಗೆ ಇಳಿಸಿದರು, ಬಸ್ಸು ಬಿಟ್ಟು ನಡೆದರು, ಎರಡು ವರ್ಷ ಕಾಸಿಗೆ ಕಾಸು ಕೂಡಿಹಾಕಿ ತಲಾ ನೂರು ಪೌಂಡು ಮಾಡಿಕೊಂಡರು. ನಾವು ಬರುತ್ತಿದ್ದೇವೆ ಎಂದು ಗಾಯಕಿಗೇ ಕಾಗದ ಬರೆದರು. ಬಂದರೆ ನನ್ನ ಎಲ್ಲ ಒಪೆರಾಗಳಿಗೂ ಟಿಕೆಟ್ಟು ನನ್ನದು ಎಂದು ಆಕೆ ಉತ್ತರ ಬರೆದಳು. 1927ರ ಆರಂಭದಲ್ಲಿ, ಹಡಗಿನ ಮೂರನೇ ದರ್ಜೆಯಲ್ಲಿ ಹೋಗಿ, ಮೆಟ್ರೊಪಾಲಿಟನ್ ಒಪೆರಾದಲ್ಲಿ ಕೂತು ಆಕೆಯನ್ನು ಕೇಳಿದರು.

ಒಪೆರಾಕ್ಕೆ ಹೋಗಲು ತಕ್ಕ ಬಟ್ಟೆ ಬೇಡವೇ? ಐಡಾ ‘ಮ್ಯಾಬ್ಸ್ ಫ್ಯಾಷನ್ಸ್’ ಎಂಬ ಹೆಂಗಸರ ಪತ್ರಿಕೆಯ ಕತ್ತರಿಸುವ ನಮೂನೆ ನೋಡಿಕೊಂಡು ಹೊಲಿದಿದ್ದಳು. ಪ್ರವಾಸ ಮುಗಿಸಿ ಬಂದ ಮೇಲೆ ಅದೇ ಪತ್ರಿಕೆಗೆ ಆ ಬಗ್ಗೆ ಒಂದು ಲೇಖನ ಬರೆದಳು. ಲೇಖನ ಅಚ್ಚಾಯಿತು. ಕೆಲ ಕಾಲದ ಮೇಲೆ ಸರ್ಕಾರಿ ಕೆಲಸ ಬಿಟ್ಟು ಅಲ್ಲೇ ಉಪಸಂಪಾದಕಿಯಾದಳು. ಪತ್ರಿಕೆಗೆ ಧಾರಾವಾಹಿ ಬೇಕು, ಬರೆದು ನೋಡು ಎಂದರು, ಬರೆದಳು. ಅದೇ ‘ವೈಫ್ ಟು ಕ್ರಿಸ್ಟೋಫರ್’. ಸಾಹಿತ್ಯ ಸೃಷ್ಟಿಯ ಹಂಬಲ, ಒಳಗಿನ ತುಡಿತ ಇತ್ಯಾದಿ ಇಲ್ಲಿ ಹುಡುಕಬೇಡಿ. ಹೊಲಿಗೆ ನಮೂನೆಯ ಪುಟದಿಂದ ಧಾರಾವಾಹಿಯ ಪುಟಕ್ಕೆ ನಡೆದು ಬಂದ ಲೇಖಕಿ ಈಕೆ. ಬರೆದರೆ ದುಡ್ಡು ಬರುತ್ತದೆ, ದುಡ್ಡು ಬಂದರೆ ಸಾಲ್ಜ್‌ಬರ್ಗ್ ಸಂಗೀತೋತ್ಸವಕ್ಕೆ ಹೋಗಬಹುದು, ಗ್ಯಾಲರಿ ಬಿಟ್ಟು ಒಳ್ಳೆಯ ಸೀಟಿನಲ್ಲಿ ಕೂರಬಹುದು: ಲೆಕ್ಕ ಅಷ್ಟೇ ಇತ್ತು. ನಮ್ಮಲ್ಲಿ ಹೆಂಗಸರು ಬರೆದದ್ದನ್ನೆಲ್ಲ ‘ಅಡುಗೆಮನೆ ಸಾಹಿತ್ಯ’ ಎಂದು ಮೂಗು ಮುರಿದ ವಿಮರ್ಶಕರಿದ್ದರಲ್ಲ, ಅವರ ಕೈಗೆ ಐಡಾ ಸಿಕ್ಕಿದ್ದರೆ ವಾದಕ್ಕೂ ನಿಲ್ಲುತ್ತಿರಲಿಲ್ಲ. ಹೌದು ಸ್ವಾಮಿ, ದುಡ್ಡಿಗೆ ಬರೆದೆ ಎಂದುಬಿಡುತ್ತಿದ್ದಳು.

ಕೊಲೋನ್ ಬಂತು. ರಾತ್ರಿಯ ರೈಲಿಗೆ ಓಡಬೇಕು. ನಿಲ್ದಾಣದ ತುಂಬ ಸ್ವಸ್ತಿಕದ ಬಾವುಟಗಳು. ಲೂಯಿಸ್ ಮುಂದೆ, ಯಾಕೆಂದರೆ ಜರ್ಮನ್ ಮಾತಾಡುವವಳು ಅವಳು. ಈ ಕೆಲಸಕ್ಕೆಂದೇ ಕೂತು ಕಲಿತದ್ದು. ನೀವೂ ಅದೇ ಡಬ್ಬಿ ಹತ್ತಿ. ರೈಲು ದಕ್ಷಿಣಕ್ಕೆ ಹೊರಡುತ್ತದೆ. ಐಡಾ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಾಳೆ. ನಿದ್ದೆಯೋ, ಮುಂದಿನ ಕಂತಿನಲ್ಲಿ ನಾಯಕಿಯನ್ನು ಎಲ್ಲಿ ನಿಲ್ಲಿಸಬೇಕೆಂಬ ಯೋಚನೆಯೋ.

ಈ ‘ಕೆಲಸ’ ಶುರುವಾದದ್ದು ಒಂದು ಉಪಕಾರದಿಂದ. 1934ರಲ್ಲಿ ಅಕ್ಕತಂಗಿಯರಿಗೆ ಗಾಯಕಿ ವಿಯೋರಿಕಾ ಉರ್ಸುಲಿಯಾಕ್, ಆಕೆಯ ಸಂಗಾತಿ, ವಾದ್ಯವೃಂದದ ಕಂಡಕ್ಟರ್ ಕ್ಲೆಮೆನ್ಸ್ ಕ್ರೌಸ್ ಪರಿಚಯವಾದರು. ಇಬ್ಬರೂ ಆ ಕಾಲದ ದೊಡ್ಡ ಹೆಸರುಗಳು. ಒಪೆರಾ ಸಂಯೋಜಕ ರಿಚರ್ಡ್ ಸ್ಟ್ರಾಸ್‌ನ ಆಪ್ತರು. ಲಂಡನ್ನಿಗೆ ಬರುವ ತಮ್ಮ ಸ್ನೇಹಿತೆ ಮಿತಿಯಾ ಮೇಯರ್-ಲಿಸ್ಮನ್ ಎಂಬಾಕೆಯನ್ನು ನೋಡಿಕೊಳ್ಳಿ ಎಂದು ಅವರು ಹೇಳಿದರು. ಫ್ರಾಂಕ್‌ಫರ್ಟ್‌ನ ಈ ಸಂಗೀತ ವಿದುಷಿಗೆ ಅಕ್ಕತಂಗಿಯರು ಖುಷಿಯಿಂದ ಊರು ತೋರಿಸಿದರು. ಆಕೆ ಯಹೂದಿ ಎಂಬುದೇ ಇವರಿಗೆ ತಿಳಿದಿರಲಿಲ್ಲ. ತಿಳಿದ ಮೇಲೂ, ಹಿಟ್ಲರನ ಜರ್ಮನಿಯಲ್ಲಿ ಯಹೂದಿಯಾಗಿರುವುದೆಂದರೆ ಏನೆಂದು ಆಕೆಯೇ ಒಂದೊಂದಾಗಿ ಹೇಳಿದ ಮೇಲಷ್ಟೇ ಅರ್ಥವಾಯಿತು. ರಾಜಕೀಯದ ಪತ್ರಿಕೆ ಓದದ, ಒಪೆರಾ ನಟಿಯರ ಹಸ್ತಾಕ್ಷರಕ್ಕೆ ರಂಗಮಂದಿರದ ಹಿಂಬಾಗಿಲಲ್ಲಿ ಕಾಯುತ್ತಿದ್ದ ಹುಡುಗಿಯರು ಇವರು. ಮಿತಿಯಾಳ ಕುಟುಂಬ ಹೊರಬರಲು ನೆರವಾದರು. ಆ ಕುಟುಂಬಕ್ಕೆ ಗೊತ್ತಿದ್ದ ಇನ್ನೊಬ್ಬರು ಬಂದರು. ಅವರಿಗೆ ಗೊತ್ತಿದ್ದ ಮತ್ತೊಬ್ಬರು.

ಶನಿವಾರ ಬೆಳಿಗ್ಗೆ ಮ್ಯೂನಿಕ್. ಅಗ್ಗದ ವಸತಿಗೃಹ ಹುಡುಕುತ್ತಾರೆಂದು ನೀವು ಅಂದುಕೊಂಡಿದ್ದರೆ ತಪ್ಪು. ಇವರು ಇಳಿಯುವುದು ಊರಿನ ಅತಿ ದುಬಾರಿ ಹೋಟೆಲುಗಳಲ್ಲಿ. ಇಲ್ಲಿ ಫೀರ್ ಯಾರೆಸ್ಟ್ಸೈಟನ್, ಬರ್ಲಿನ್ನಿನಲ್ಲಾದರೆ ಆಡ್ಲಾನ್. ನಾಜಿ ನಾಯಕರೂ ಬಂದಿಳಿಯುವ ಜಾಗಗಳಿವು. ಪಡಸಾಲೆಯ ಕುರ್ಚಿಯಲ್ಲಿ ಕೂತುಕೊಳ್ಳಿ, ಗೋರಿಂಗ್ ಹೋಗುತ್ತಿರುತ್ತಾನೆ, ಗೊಬೆಲ್ಸ್ ಬರುತ್ತಿರುತ್ತಾನೆ. ಅಕ್ಕತಂಗಿಯರು ಬಾಯಿ ತೆರೆದು, ಕಣ್ಣರಳಿಸಿ, ಜಾತ್ರೆಗೆ ಬಂದ ಹಳ್ಳಿಯವರ ಹಾಗೆ ನೋಡುತ್ತಾ ನಿಲ್ಲುತ್ತಾರೆ. ಇಷ್ಟು ಪೆದ್ದಾಗಿ ನೋಡುವವರ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಐಡಾ ಇದನ್ನು ಲೆಕ್ಕ ಹಾಕಿಯೇ ಮಾಡಿದಳು. ಜನ ಯಾವ ವೇಷವನ್ನು ಎಷ್ಟು ಬೇಗ ನಂಬುತ್ತಾರೆಂಬುದು ಧಾರಾವಾಹಿ ಬರೆಯುವವರಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು?

ಈ ಹೋಟೆಲಿನ ಬಿಲ್ಲು ಕಟ್ಟುತ್ತಿರುವುದು ಮೇರಿ ಬರ್ಚೆಲ್.

ಮಧ್ಯಾಹ್ನ ಅವರ ಹಿಂದೆ ಹೋಗಿ. ಯಾವುದೋ ಮನೆಯ ಪರದೆ ಎಳೆದ ಕೋಣೆ. ಯಹೂದಿ ಕುಟುಂಬವೊಂದು ಸುತ್ತ ಕೂತಿದೆ. ಹಿಂದಿನ ವರ್ಷ ನವೆಂಬರ್ 9ರ ರಾತ್ರಿ ದೇಶದ ತುಂಬ ನಾಜಿಗಳು ಯಹೂದಿಗಳ ಅಂಗಡಿಗಳ ಗಾಜು ಒಡೆದು, ಸಿನಗಾಗ್‌ಗಳಿಗೆ ಬೆಂಕಿ ಇಟ್ಟರು. ಸುಮಾರು 30,000 ಗಂಡಸರನ್ನು ಹಿಡಿದು ಡಖಾವ್, ಬುಖನ್‌ವಾಲ್ಡ್, ಸಾಕ್ಸೆನ್‌ಹೌಸನ್ ಶಿಬಿರಗಳಿಗೆ ತಳ್ಳಿದರು. ದೇಶ ಬಿಟ್ಟು ಹೋಗುವ ಕಾಗದಪತ್ರ ತೋರಿಸಿದವರನ್ನು ಬಿಡುತ್ತಾರೆ. ಹಾಗಾಗಿ ಈ ಕೋಣೆಯಲ್ಲಿ ಎಲ್ಲರ ಮಾತೂ ಕಾಗದದ ಸುತ್ತಲೇ ತಿರುಗುತ್ತದೆ. ಅಮೆರಿಕಕ್ಕೆ ಅರ್ಜಿ ಹಾಕಿದ್ದೀರಾ? ಸರದಿ ಸಂಖ್ಯೆ ಎಷ್ಟು? ಜರ್ಮನಿ, ಆಸ್ಟ್ರಿಯಾ ಎರಡಕ್ಕೂ ಸೇರಿ ವರ್ಷಕ್ಕೆ 27,370 ಮಂದಿಗಷ್ಟೇ ಅಮೆರಿಕದ ಬಾಗಿಲು. ಸರದಿ ಬರಲು ವರ್ಷಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಎಲ್ಲಿರುವುದು?

ಬ್ರಿಟನ್ ಒಳಬಿಟ್ಟುಕೊಳ್ಳುತ್ತದೆ, ಆದರೆ ಷರತ್ತು ಹಾಕಿ. ಹೆಂಗಸರು ಮನೆಗೆಲಸದವರಾಗಿ ಬರಬಹುದು. ಪ್ರಾಧ್ಯಾಪಕನ ಹೆಂಡತಿ ಇನ್ನೊಬ್ಬರ ಮನೆಯ ಪಾತ್ರೆ ತೊಳೆಯಲು ಅರ್ಜಿ ಹಾಕಿದ ದಿನಗಳವು. ಬೇರೆ ದೇಶಕ್ಕೆ ಹೋಗುವ ದಾರಿಯಲ್ಲಿ ತಂಗುವುದಾದರೆ ಗಂಡಸರೂ ಬರಬಹುದು. ಹಾಗೆ ತಂಗುವವರಿಗಾಗಿ ಒಬ್ಬ ಬ್ರಿಟಿಷ್ ಪ್ರಜೆ ಮುಚ್ಚಳಿಕೆ ಬರೆದುಕೊಡಬೇಕು: ಇವರು ಸರ್ಕಾರಕ್ಕೆ ಒಂದು ಪೈಸೆಯ ಹೊರೆಯಾಗುವುದಿಲ್ಲ, ಇವರ ಖರ್ಚು ಪೂರ್ತಿ ನನ್ನದು ಎಂದು. ಬರೆದುಕೊಟ್ಟರೆ ಸಾಲದು, ಕೊಡುವ ಶಕ್ತಿ ಇದೆಯೆಂದು ತೋರಿಸಬೇಕು.

ಐಡಾ ಮಾತು ಕೇಳಿಸಿಕೊಳ್ಳುತ್ತಾಳೆ, ಲೂಯಿಸ್ ಅನುವಾದಿಸುತ್ತಾಳೆ. ವಯಸ್ಸು, ಓದು, ನೆಂಟರು, ಹೊರದೇಶದಲ್ಲಿ ಯಾರಿದ್ದಾರೆ. ಎಲ್ಲರಿಗೂ ಹೌದು ಅನ್ನಲಾಗುವುದಿಲ್ಲ. ಈ ಕೋಣೆಯಲ್ಲಿ ಇಬ್ಬರನ್ನು ಆರಿಸಿದರೆ ಪಕ್ಕದ ಕೋಣೆಯವರನ್ನು ಬಿಟ್ಟ ಹಾಗೆ. ಬದುಕಿಸಿದವರಿಗಿಂತ ಬಿಟ್ಟುಬಂದವರ ಭಾರ ಹೆಚ್ಚೆಂದು ಆತ್ಮಕಥೆಯ ಆ ಪುಟಗಳನ್ನು ಓದುವಾಗ ಅನ್ನಿಸುತ್ತದೆ. ಅಲ್ಲಿಯವರೆಗೆ ಹರಟೆಯ ಧಾಟಿಯಲ್ಲಿ ಸಾಗುವ ಬರವಣಿಗೆ ಅಲ್ಲಿ ಬಿಗಿಯಾಗುತ್ತದೆ.

ಸಂಜೆ ಒಪೆರಾ. ಇದೇನು, ಇಂಥ ಹೊತ್ತಿನಲ್ಲಿ ಒಪೆರಾ ಅನ್ನಬೇಡಿ. ಗಡಿಯಲ್ಲಿ ಕೇಳಿದರೆ ಹೇಳಲು ನೆಪ ಬೇಕಲ್ಲ. ಏನು ನೋಡಿದಿರಿ, ಯಾರು ಹಾಡಿದರು ಎಂದು ಯಾವ ಅಧಿಕಾರಿ ಕೇಳಿದರೂ ಗಂಟೆಗಟ್ಟಲೆ ಹೇಳಬಲ್ಲರು. ಕೇಳಿದವನೇ ಸಾಕು ಹೋಗಿ ಅನ್ನಬೇಕು. ಮ್ಯೂನಿಕ್ ಒಪೆರಾದ ಮುಖ್ಯಸ್ಥ ಈಗ ಕ್ರೌಸ್. ನೀವು ಯಾವತ್ತು ಬರುತ್ತೀರಿ ಹೇಳಿ, ಅಂದಿಗೆ ನಿಮಗೆ ಬೇಕಾದ ಒಪೆರಾ ಇಡುತ್ತೇನೆ ಎನ್ನುವಷ್ಟು ಸಹಕಾರ ಆತನದು ಎಂದು ಐಡಾ ನೆನೆಯುತ್ತಾಳೆ. ನಾಜಿ ಸರ್ಕಾರದ ದೊಡ್ಡ ಹುದ್ದೆಯಲ್ಲಿ ಕೂತ ಆ ಮನುಷ್ಯ ನಾಜಿಗಳಿಂದ ಜನ ತಪ್ಪಿಸಿಕೊಳ್ಳಲು ಒಪೆರಾದ ವೇಳಾಪಟ್ಟಿಯನ್ನೇ ಹೊಂದಿಸಿಕೊಟ್ಟ. ಅವನ ವಿಚಾರ ಇನ್ನೂ ಇದೆ, ಆಮೇಲೆ.

ಭಾನುವಾರ ವಾಪಸ್ಸು ರೈಲು, ರೈನ್ ನದಿಯ ದಂಡೆಗುಂಟ ಹಾಲೆಂಡಿನ ಕಡೆಗೆ. ಬಂದದ್ದು ವಿಮಾನದಲ್ಲಿ, ಹೋಗುತ್ತಿರುವುದು ರೈಲಿನಲ್ಲಿ. ಬಂದಾಗ ನೋಡಿದ ಸುಂಕದವನು ಇಲ್ಲಿಲ್ಲ. ಇಲ್ಲಿರುವವನು ಇವರನ್ನು ಬರುವಾಗ ನೋಡಿಲ್ಲ. ಈಗ ಅವರನ್ನು ಮತ್ತೊಮ್ಮೆ ನೋಡಿ. ಲೂಯಿಸ್‌ಳ ಮೈಮೇಲೆ ಬೆಲೆಬಾಳುವ ತುಪ್ಪಳದ ಕೋಟು. ಕಾಲರಿನ ಒಳಗೆ ಲಂಡನ್ ಅಂಗಡಿಯ ಪಟ್ಟಿ; ಜರ್ಮನ್ ಅಂಗಡಿಯದನ್ನು ಬಿಚ್ಚಿ ನಿನ್ನೆ ರಾತ್ರಿ ಹೊಲಿದದ್ದು. ಮಣಿಕಟ್ಟಿನಲ್ಲಿ ಗಡಿಯಾರ, ಬೆರಳಲ್ಲಿ ಉಂಗುರ, ಕೊರಳಲ್ಲಿ ಮುತ್ತಿನ ಸರ. ಐಡಾಳ ಸ್ವೆಟರ್ ಗಾಜಿನ ಗುಂಡಿಗಳ ಅಗ್ಗದ ಮಾಲು; ಅದರ ಎದೆಯ ಮೇಲೆ ಕಣ್ಣು ಕುಕ್ಕುವ ವಜ್ರದ ಬ್ರೂಚು. ಅಪ್ಪಟ ವಜ್ರ, ಒಂದು ಕುಟುಂಬದ ಇಡೀ ಆಸ್ತಿ. ಆ ಸ್ವೆಟರ್ ಮೇಲೆ ಅದನ್ನು ನೋಡಿದವರು ಸಂತೆಯಲ್ಲಿ ಕೊಂಡ ಗಾಜಿನ ಚೂರು ಎಂದೇ ತಿಳಿಯಬೇಕು. ಕಿವಿಯೋಲೆ ಮಾತ್ರ ತರಲಾಗುವುದಿಲ್ಲ. ಇಬ್ಬರಿಗೂ ಕಿವಿ ಚುಚ್ಚಿಲ್ಲ, ಅಧಿಕಾರಿ ಗಮನಿಸಿಬಿಟ್ಟಾನು.

ಇಷ್ಟೆಲ್ಲ ಯಾಕೆಂದರೆ, ದೇಶ ಬಿಟ್ಟು ಹೋಗುವ ಯಹೂದಿ ತನ್ನ ಜತೆ ಹತ್ತು ಮಾರ್ಕು ನಗದು ಮಾತ್ರ ಒಯ್ಯಬಹುದು. ಬ್ರಿಟನ್ನಿಗೋ ಇವರ ಬಳಿ ಹಣ ಇದೆಯೆಂಬ ಪುರಾವೆ ಬೇಕು. ಈ ಎರಡರ ನಡುವೆ ಸಿಕ್ಕಿದವರ ಒಡವೆ ಈ ಇಬ್ಬರು ಅವಿವಾಹಿತೆಯರ ಮೈಮೇಲೆ ಕೂತು ಗಡಿ ದಾಟುತ್ತಿದೆ.

ಬಾಗಿಲು ತೆರೆದು ಸುಂಕದವನು ಬಂದ. ನಿಮ್ಮ ಎದೆ ಹೊಡೆದುಕೊಳ್ಳುತ್ತಿರಬಹುದು. ಅವರು ನಗುತ್ತಿದ್ದಾರೆ. ಕೇಳಿದರೆ ಹೇಳಲು ಕತೆ ಸಿದ್ಧ: ನಾವಿಬ್ಬರೂ ಹೆದರುಪುಕ್ಕಲರು, ಮನೆಯಲ್ಲಿರುವವರನ್ನೂ ನಂಬುವುದಿಲ್ಲ, ಎಲ್ಲಿಗೆ ಹೋದರೂ ಒಡವೆಯನ್ನೆಲ್ಲ ಹೇರಿಕೊಂಡೇ ಹೋಗುವುದು. ಗಂಡನಿಲ್ಲದ, ವಯಸ್ಸು ಮೀರಿದ ಹೆಂಗಸರೆಂದರೆ ಸ್ವಲ್ಪ ತಿಕ್ಕಲು ಎಂದು ಲೋಕ ಮೊದಲೇ ತೀರ್ಮಾನಿಸಿದೆ. ಆ ತೀರ್ಮಾನವನ್ನು ಇವರು ಹೀಗೆ ಉಪಯೋಗಕ್ಕೆ ಹಚ್ಚಿದರು. ಸುಂಕದ ಅಧಿಕಾರಿಗಳು ಹೇಗೆ ಯೋಚಿಸುತ್ತಾರೆಂಬುದು ಅಪ್ಪನ ಊಟದ ಮೇಜಿನಲ್ಲೇ ಎಷ್ಟೋ ಕಿವಿಗೆ ಬಿದ್ದಿರಬೇಕು ಎಂದು ನನ್ನ ಗುಮಾನಿ.

ರೈಲು ಗಡಿ ದಾಟಿತು.

ರಾತ್ರಿ ಹುಕ್ ಆಫ್ ಹಾಲೆಂಡ್ ಬಂದರಿನಿಂದ ಹಡಗು, ಬೆಳಗಿನ ಜಾವ ಹಾರಿಚ್, ಅಲ್ಲಿಂದ ರೈಲಿನಲ್ಲಿ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣ. ಸೋಮವಾರ. ಲೂಯಿಸ್ ನೇರ ಕಚೇರಿಗೆ ಓಡುತ್ತಾಳೆ, ಹಾಜರಿ ತಪ್ಪಬಾರದು. ನೀವು ಐಡಾಳ ಜತೆ ಮನೆಗೆ ನಡೆಯಿರಿ. ನಿದ್ದೆಗೆಟ್ಟ ಕಣ್ಣು, ಮುಂದೆ ಖಾಲಿ ಹಾಳೆ. ಇವತ್ತು ಬರೆಯಬೇಕಾದದ್ದು ಹುಡುಗಿಯೊಬ್ಬಳು ತಪ್ಪು ತಿಳಿದುಕೊಂಡು ಪ್ರೀತಿಸಿದವನಿಂದ ದೂರವಾಗುವ ಅಧ್ಯಾಯವೋ, ಮಳೆಯಲ್ಲಿ ಇಬ್ಬರೂ ಮತ್ತೆ ಎದುರಾಗುವ ಅಧ್ಯಾಯವೋ ಇರಬಹುದು. ಮೊನ್ನೆ ಮಧ್ಯಾಹ್ನದ ಪರದೆ ಎಳೆದ ಕೋಣೆಗೂ ಈ ಹಾಳೆಗೂ ಏನು ಸಂಬಂಧ?

ಸಂಬಂಧ ದುಡ್ಡಿನದು. ಬರೆದು ಕೈತುಂಬ ಸಂಪಾದಿಸಲು ಶುರುಮಾಡಿದ್ದೂ, ಆ ದುಡ್ಡಿಗೆ ಇಂಥ ಭಯಂಕರ ಅಗತ್ಯ ಎದುರಾದದ್ದೂ ಒಂದೇ ಕಾಲಕ್ಕೆ ಎಂದು ಐಡಾ ಬೆರಗಾಗುತ್ತಾಳೆ. ಹೊಸ ಕೋಟು, ಕಾರು, ಒಪೆರಾ ಎಂದು ಕಂಡಿದ್ದ ಕನಸೆಲ್ಲ ಮುಚ್ಚಳಿಕೆ, ವಿಮಾನದ ಟಿಕೆಟ್ಟು, ನಿರಾಶ್ರಿತರ ಬಾಡಿಗೆಗೆ ತಿರುಗಿತು. ಥೇಮ್ಸ್ ದಂಡೆಯ ಡಾಲ್ಫಿನ್ ಸ್ಕ್ವೇರ್ ಎಂಬ ಹೊಸ ವಸತಿ ಸಮುಚ್ಚಯದಲ್ಲಿ ಒಂದು ಫ್ಲಾಟು ಹಿಡಿದಳು; ಬಂದಿಳಿದವರು ಮೊದಲು ತಂಗುವುದು ಅಲ್ಲಿ. ತಾನು ಬರೆದುಕೊಡಬಹುದಾದ ಮುಚ್ಚಳಿಕೆಗಳೆಲ್ಲ ಮುಗಿದಾಗ ಬೇರೆಯವರನ್ನು ಹುಡುಕಲು ಹೊರಟಳು. ಚರ್ಚಿನ ಸಭಾಂಗಣಗಳಲ್ಲಿ ನಿಂತು ಮಾತಾಡಿದಳು. ಲಕ್ಷಾಂತರ ಯಹೂದಿಗಳ ಸಂಕಟ ಎಂದರೆ ಜನ ನಿಟ್ಟುಸಿರು ಬಿಟ್ಟು ಮನೆಗೆ ಹೋಗುತ್ತಾರೆ. ಇಂಥ ಊರಿನ ಇಂಥ ಹುಡುಗಿ, ಅಪ್ಪ ಶಿಬಿರದಲ್ಲಿದ್ದಾನೆ, ಅವಳಿಗೆ ಒಂದು ಕೋಣೆ ಬೇಕು ಎಂದರೆ ಯಾರೋ ಎದ್ದು ನಿಲ್ಲುತ್ತಾರೆ. ಕತೆ ಕಟ್ಟುವವಳ ಕಸುಬು ಇಲ್ಲೂ ಕೆಲಸಕ್ಕೆ ಬಂತು.

1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಗಿ ದಾರಿ ಮುಚ್ಚಿತು. ಅಷ್ಟರಲ್ಲಿ 29 ಮಂದಿ ಹೊರಬಂದಿದ್ದರು. ಬಾಂಬುಗಳು ಬೀಳುತ್ತಿದ್ದ ರಾತ್ರಿಗಳಲ್ಲಿ ಐಡಾ ಲಂಡನ್ನಿನ ಬಡ ಬಡಾವಣೆ ಬರ್ಮಂಡ್ಸಿಯ ಆಶ್ರಯ ತಾಣದಲ್ಲಿ ಕಾವಲಿದ್ದಳು. ಹಗಲು ಮತ್ತೆ ಕಾದಂಬರಿ.

ಈಗ ವರ್ಷಗಳನ್ನು ಹಾರಿ ಬನ್ನಿ. ಲಂಡನ್ನಿನ ಪಶ್ಚಿಮಕ್ಕೆ ರೆಡಿಂಗ್ ಎಂಬ ಊರು. ಒಂದು ಕಾಲಕ್ಕೆ ಹಂಟ್ಲಿ ಅಂಡ್ ಪಾಮರ್ಸ್ ಬಿಸ್ಕತ್ತಿನಿಂದ ಹೆಸರಾದದ್ದು. ರೆಡ್‌ಲೆಂಡ್ಸ್ ರಸ್ತೆಯಲ್ಲಿ ಆ ಪಾಮರ್ ಮನೆತನದವರೊಬ್ಬರು ಕಟ್ಟಿಸಿದ ಕೆಂಪಿಟ್ಟಿಗೆಯ ಬಂಗಲೆ ಇದೆ. ನಕ್ಷೆ ಆಲ್ಫ್ರೆಡ್ ವಾಟರ್‌ಹೌಸ್ ಎಂಬ ಹೆಸರಾಂತ ವಾಸ್ತುಶಿಲ್ಪಿಯದು. ಅಲ್ಲೀಗ ಇಂಗ್ಲೆಂಡಿನ ಹಳ್ಳಿಯ ಬದುಕಿನ ವಸ್ತುಸಂಗ್ರಹಾಲಯ, ಜತೆಗೇ ರೆಡಿಂಗ್ ವಿಶ್ವವಿದ್ಯಾಲಯದ ವಿಶೇಷ ಸಂಗ್ರಹ. ಬ್ರಿಟನ್ನಿನ ಹಳೆಯ ಪ್ರಕಾಶಕರ ಕಡತಗಳಿಗೆ ಹೆಸರಾದ ಜಾಗ: ಚಾಟೊ, ಜೊನಾಥನ್ ಕೇಪ್, ವರ್ಜೀನಿಯಾ ವುಲ್ಫ್ ದಂಪತಿಯ ಹೊಗಾರ್ತ್ ಪ್ರೆಸ್. ಅದೇ ಛಾವಣಿಯ ಕೆಳಗೆ ಮಿಲ್ಸ್ ಅಂಡ್ ಬೂನ್ ಕೂಡ. ವುಲ್ಫ್ ಇದ್ದಲ್ಲಿ ಬರ್ಚೆಲ್‌ಗೂ ಜಾಗ ಸಿಕ್ಕಿತಲ್ಲ ಎಂದು ನನಗೆ ಒಳಗೊಳಗೇ ಸಂತೋಷ.

ಚೀಲ ಹೊರಗಿಡಿ, ಪೆನ್ನು ಹೊರಗಿಡಿ, ಸೀಸದ ಕಡ್ಡಿ ಮಾತ್ರ ಒಳಗೆ. ಪ್ರಕಾಶಕರ ಕಡತ ಎಂದರೆ ಸ್ಫೂರ್ತಿಯ ಮಾತಿಲ್ಲ. ಕರಾರು, ಪ್ರತಿಗಳ ಲೆಕ್ಕ, ಯಾವ ಲೈಬ್ರರಿ ಎಷ್ಟು ಕೊಂಡಿತು, ಯಾವ ಪತ್ರಿಕೆ ಧಾರಾವಾಹಿಗೆ ಎಷ್ಟು ಕೊಟ್ಟಿತು. 1908ರಲ್ಲಿ ಜೆರಾಲ್ಡ್ ಮಿಲ್ಸ್, ಚಾರ್ಲ್ಸ್ ಬೂನ್ ಸೇರಿ ಶುರು ಮಾಡಿದ ಈ ಸಂಸ್ಥೆ ಮೊದಮೊದಲು ಜ್ಯಾಕ್ ಲಂಡನ್‌ನನ್ನೂ ಅಚ್ಚು ಹಾಕಿತ್ತು. 1930ರ ದಶಕದ ಹೊತ್ತಿಗೆ ಪ್ರೇಮಕಾದಂಬರಿಯೇ ಕಸುಬಾಯಿತು. ಆಗ ಪುಸ್ತಕದ ಬೆಲೆ ಏಳೂವರೆ ಶಿಲ್ಲಿಂಗ್. ಕಾರ್ಖಾನೆಯ ಹುಡುಗಿ ಕೊಳ್ಳಲಾರಳು, ವಾರಕ್ಕೆ ಎರಡು ಪೆನ್ನಿ ಬಾಡಿಗೆ ಕೊಟ್ಟು ಓದುತ್ತಾಳೆ. ನಮ್ಮ ಬೆಂಗಳೂರು, ಮೈಸೂರಿನ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಮುಂದೆ ಇದೇ ಕಂಪನಿಯ ತೆಳು ಪುಸ್ತಕಗಳನ್ನು ಕಾಲೇಜು ಹುಡುಗಿಯರು ನೋಟ್ಸಿನ ನಡುವೆ ಇಟ್ಟು ಓದಿದರಲ್ಲ, ಆ ಪದ್ಧತಿಯ ಅಜ್ಜಿ ಇದು.

ಜೋಸೆಫ್ ಮಕಲೀರ್ ಎಂಬ ಇತಿಹಾಸಕಾರ ಈ ಸಂಸ್ಥೆಯ ಪತ್ರವ್ಯವಹಾರ ಜಾಲಾಡಿ 1999ರಲ್ಲಿ ಒಂದು ಪುಸ್ತಕ ಬರೆದ. ಅದರಿಂದ ತಿಳಿಯುವ ದೊಡ್ಡ ಸಂಗತಿ: ಕತೆಯಲ್ಲಿ ಏನಿರಬೇಕು, ಏನಿರಕೂಡದು ಎಂಬುದನ್ನು ಎಷ್ಟೋ ಸಲ ನಿರ್ಧರಿಸಿದ್ದು ಲೇಖಕಿಯೂ ಅಲ್ಲ, ಪ್ರಕಾಶಕನೂ ಅಲ್ಲ, ಧಾರಾವಾಹಿ ಕೊಳ್ಳುವ ವಾರಪತ್ರಿಕೆಯ ಸಂಪಾದಕಿ. ‘ವುಮನ್ಸ್ ವೀಕ್ಲಿ’ಯ ಬಿಡ್ಡಿ ಜಾನ್ಸನ್ ಬೇಡ ಎಂದರೆ ಬೇಡ. ನಾಯಕಿ ಎಷ್ಟು ಹೊತ್ತು ಅಳಬೇಕು, ಮುತ್ತು ಎಲ್ಲಿಗೆ ನಿಲ್ಲಬೇಕು, ಮದುವೆ ಯಾವ ಪುಟಕ್ಕೆ ಬರಬೇಕು. ಇಂಥ ಕಟ್ಟುಪಾಡಿನೊಳಗೆ ಐಡಾ ನೂರ ಹತ್ತಕ್ಕೂ ಹೆಚ್ಚು ಕಾದಂಬರಿ ಬರೆದಳು. 1966ರಿಂದ ಸಾಯುವವರೆಗೂ ಬ್ರಿಟನ್ನಿನ ಪ್ರೇಮಕಾದಂಬರಿಕಾರರ ಸಂಘದ ಅಧ್ಯಕ್ಷೆಯಾಗಿದ್ದಳು.

ಆಕೆಯ ಹೆಸರು ಇನ್ನೊಂದು ಬಗೆಯ ಕಡತದಲ್ಲೂ ಇದೆ. ಯಹೂದಿ ಹತ್ಯಾಕಾಂಡದ ಸ್ಮಾರಕ ಸಂಸ್ಥೆ, ಜೆರುಸಲೇಮಿನ ಯಾದ್ ವಶೇಮ್ 1960ರ ದಶಕದ ನಡುವೆ ಅಕ್ಕತಂಗಿಯರನ್ನು ಯಹೂದಿಗಳನ್ನು ಉಳಿಸಿದ ಅನ್ಯಧರ್ಮೀಯ ಸಜ್ಜನರ ಪಟ್ಟಿಗೆ ಸೇರಿಸಿತು. ಅಲ್ಲಿ ದಾಖಲಾದವಳು ಐಡಾ ಕುಕ್. ರೆಡಿಂಗಿನ ಕಂದು ರಟ್ಟಿನ ಮೇಲಿರುವವಳು ಮೇರಿ ಬರ್ಚೆಲ್. ಒಂದು ಕಡತದ ದುಡ್ಡಿನಿಂದ ಇನ್ನೊಂದು ಕಡತ ನಡೆಯಿತು ಎಂಬುದನ್ನು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರೇ ಹೇಳಬೇಕು.

ಕ್ರೌಸ್‌ನ ವಿಚಾರ ಬಾಕಿ ಉಳಿಯಿತು. ಆತ ಹಿಟ್ಲರನ ಆಡಳಿತದಲ್ಲಿ ಬರ್ಲಿನ್, ಆಮೇಲೆ ಮ್ಯೂನಿಕ್ ಒಪೆರಾದ ಗದ್ದುಗೆ ಏರಿದವನು. ಬೇರೆಯವರು ಬಿಟ್ಟುಹೋದ ಕುರ್ಚಿಯಲ್ಲಿ ಕೂತವನು. ಇವತ್ತು ಜಗತ್ತೆಲ್ಲ ಟಿವಿಯಲ್ಲಿ ನೋಡುವ ವಿಯೆನ್ನಾದ ಹೊಸ ವರ್ಷದ ಕಛೇರಿಯನ್ನು 1939ರ ಡಿಸೆಂಬರ್ 31ರಂದು ಮೊದಲು ನಡೆಸಿದವನೂ ಅವನೇ. ಯುದ್ಧ ಮುಗಿದ ಮೇಲೆ 1947ರವರೆಗೆ ಅವನ ಮೇಲೆ ನಿಷೇಧವಿತ್ತು. 1954ರಲ್ಲಿ ಮೆಕ್ಸಿಕೊದಲ್ಲಿ ಸತ್ತ. ಐಡಾಳ ಆತ್ಮಕಥೆಯಲ್ಲಿ ಅವನು ಮಹಾನುಭಾವ. ಅವನಿಲ್ಲದೆ ತಮ್ಮ ಕೆಲಸ ಶುರುವೇ ಆಗುತ್ತಿರಲಿಲ್ಲ ಎಂಬುದು ಅವಳ ಮಾತಿನ ಧಾಟಿ. ಅದು ನಿಜ. ಹಿಟ್ಲರನ ಆಡಳಿತದಲ್ಲಿ ಅವನು ಗದ್ದುಗೆ ಏರಿದ್ದರ ಬಗ್ಗೆ ಇತಿಹಾಸಕಾರರು ಹೇಳುವುದೂ ನಿಜ. ಐಡಾ ಎರಡನೆಯದರ ಕಡೆ ಹೆಚ್ಚು ತಿರುಗಿ ನೋಡಲಿಲ್ಲ.

1965ರಲ್ಲಿ ಆಕೆಯ ‘ಎ ಸಾಂಗ್ ಬಿಗಿನ್ಸ್’ ಬಂತು. ಓದಿ ನೋಡಿ. ಆಸ್ಕರ್ ವಾರೆಂಡರ್ ಎಂಬ ಕಂಡಕ್ಟರ್: ಪ್ರತಿಭಾವಂತ, ನಿರಂಕುಶ, ಎದುರು ನಿಂತವರನ್ನು ನಡುಗಿಸುವವನು. ಅವನ ಕೈಕೆಳಗೆ ಹಾಡು ಕಲಿಯುವ ಹುಡುಗಿ ಆಂಥಿಯಾ ಅವನನ್ನು ದ್ವೇಷಿಸುತ್ತಾಳೆ, ಆಮೇಲೆ ಪ್ರೀತಿಸುತ್ತಾಳೆ, ಮದುವೆಯಾಗುತ್ತಾಳೆ. ಓದುಗರಿಗೆ ಅವನು ಎಷ್ಟು ಹಿಡಿಸಿದನೆಂದರೆ ವಾರೆಂಡರ್ ಸರಣಿಯೇ ಬೆಳೆಯಿತು, ಹದಿಮೂರು ಪುಸ್ತಕ. ವಾರೆಂಡರ್ ಒಳಗೆ ಕ್ರೌಸ್ ಇದ್ದಾನೆಂದು ಸಾಕ್ಷಿ ತೋರಿಸಲಾರೆ, ಆದರೆ ಪುಟ ತಿರುವುವಾಗ ಆ ಅನುಮಾನ ನನ್ನನ್ನು ಬಿಡಲಿಲ್ಲ. ಕಾದಂಬರಿಯಲ್ಲಿ ವಾರೆಂಡರ್ ಯಾವ ಸರ್ಕಾರದ ಹುದ್ದೆಯಲ್ಲೂ ಕೂರುವುದಿಲ್ಲ, ಯಾರ ಮುಂದೆಯೂ ತಲೆಬಾಗುವುದಿಲ್ಲ. ಅವನ ಕ್ರೌರ್ಯವೆಲ್ಲ ತಾಲೀಮಿನ ಕೋಣೆಯಲ್ಲೇ ಮುಗಿಯುತ್ತದೆ. ಅಷ್ಟು ಸುಲಭವಾಗಿ ಅವನನ್ನು ಬಿಟ್ಟುಕೊಟ್ಟದ್ದು ನನಗೆ ಹಿಡಿಸುವುದಿಲ್ಲ. ಆದರೆ ಸರಣಿಯ ಎರಡನೇ ಪುಸ್ತಕ ಹುಡುಕಿಕೊಂಡು ಹೋದೆ.